ಲೈಬ್ರರಿ ಹೊಸದಾಯ್ತು, ಕನೆಕ್ಷನ್ ಎಣಿಸಿದ್ರಾ?

ಅಂಗಡಿ ಮುಂದೆ ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ, ಆಮೇಲೆ ಪರದೆ ಮೇಲೆ ಚಕ್ರ ಸುತ್ತೋದನ್ನ ನೋಡ್ತಾ ನಿಂತಿರ್ತೀವಲ್ಲ, ಆಗ ಬಾಯಲ್ಲಿ ಬರೋದು ಒಂದೇ ಮಾತು: "ನೆಟ್‌ವರ್ಕ್ ಇಲ್ಲ ಅನ್ಸುತ್ತೆ." ಅಂಗಡಿಯವರೂ ಅದನ್ನೇ ಹೇಳ್ತಾರೆ. ಟವರಿಗೆ ಬೈದು, ಫೋನನ್ನ ಏರೋಪ್ಲೇನ್ ಮೋಡಿಗೆ ಹಾಕಿ ತೆಗೀತೀವಿ. ಎಷ್ಟೋ ಸಲ ಟವರಿಂದು ಏನೂ ತಪ್ಪಿರಲ್ಲ. ನಿಮ್ಮ ಕೋರಿಕೆ ಸರ್ವರ್ ತಲುಪಿ ಆಗಿರುತ್ತೆ. ಆ ಸರ್ವರ್ ಇನ್ನೊಂದು ಸರ್ವರ್ ಜೊತೆ ಮಾತಾಡೋಕೆ ಒಂದು ಖಾಲಿ ಲೈನ್ ಸಿಗಲಿ ಅಂತ ಕಾಯ್ತಾ ಕೂತಿರುತ್ತೆ.

ಈ ವಾರ ಆ ಲೈನುಗಳ ವಿಷಯ. ಸಾಫ್ಟ್‌ವೇರ್ ಕೆಲಸದಲ್ಲಿ ಇಲ್ಲದವರೂ ಓದಬಹುದು. ಇರುವವರು ಮಾತ್ರ ತಪ್ಪಿಸಬೇಡಿ, ಯಾಕಂದ್ರೆ ನಿಮ್ಮ ಟೀಮಿನ ಪಟ್ಟಿಯಲ್ಲೂ "ಡಿಪೆಂಡೆನ್ಸಿ ಅಪ್‌ಗ್ರೇಡ್, ಅರ್ಧ ದಿನದ ಕೆಲಸ" ಅಂತ ಒಂದು ಟಿಕೆಟ್ ಕೂತಿದೆ ಅಂತ ನಂಗೆ ಗೊತ್ತು.

ಎರಡು ಕಂಪ್ಯೂಟರ್ ಮಾತಾಡಬೇಕಂದ್ರೆ ಮೊದಲು ಕನೆಕ್ಷನ್ ಆಗಬೇಕು. ಟಿಸಿಪಿಯಲ್ಲಿ "ಇದ್ದೀಯಾ?", "ಇದ್ದೀನಿ, ನೀನು?", "ನಾನೂ ಇದ್ದೀನಿ" ಅಂತ ಮೂರು ಸಂದೇಶ ಓಡಾಡಬೇಕು. ಅದಾದ ಮೇಲೆ ಗುಟ್ಟು ಕಾಪಾಡೋಕೆ ಟಿಎಲ್‌ಎಸ್, ಈಗಿನ 1.3 ಆವೃತ್ತಿಯಲ್ಲಿ ಇನ್ನೊಂದು ಸುತ್ತು, ಹಳೇ 1.2 ಆದ್ರೆ ಎರಡು ಸುತ್ತು. ಇಷ್ಟೆಲ್ಲಾ ಆದ ಮೇಲೇ ಅಸಲು ಮಾತು. ಪ್ರತಿ ಸಲ ಇದನ್ನೇ ಮಾಡ್ತಾ ಕೂತರೆ ಮಾತಿಗಿಂತ ಪೀಠಿಕೆನೇ ಜಾಸ್ತಿ ಆಗುತ್ತೆ. ಅದಕ್ಕೇ 1997ರಲ್ಲಿ ಬಂದ ಎಚ್‌ಟಿಟಿಪಿ 1.1, ಒಂದು ಸಲ ತೆರೆದ ಕನೆಕ್ಷನ್‌ನ ಮುಚ್ಚದೆ ಇಟ್ಟುಕೊಂಡು ಮತ್ತೆ ಮತ್ತೆ ಬಳಸೋದನ್ನೇ ರೂಢಿ ಮಾಡಿತು. ಹಾಗೆ ತೆರೆದಿಟ್ಟ ಕನೆಕ್ಷನ್‌ಗಳ ಗುಂಪಿಗೆ ನಾವು ಪೂಲ್ ಅಂತೀವಿ. ಪೂಲನ್ನ ನೋಡಿಕೊಳ್ಳೋದು ನಾವು ಬರೆದ ಕೋಡ್ ಅಲ್ಲ, ನೆಟ್‌ವರ್ಕಿಂಗ್ ಲೈಬ್ರರಿ. ಎಷ್ಟು ತೆರೆಯಬೇಕು, ಎಷ್ಟು ಹೊತ್ತು ಇಡಬೇಕು, ಸಿಗದಿದ್ರೆ ಎಷ್ಟು ಕಾಯಬೇಕು, ಎಲ್ಲಾ ಅದರ ಕೈಯಲ್ಲಿ.

ನಮ್ಮೂರು ತಗಡೂರು, ನಂಜನಗೂಡು ತಾಲ್ಲೂಕು. ಹಳಬರಿಗೆ ಈ ಹೆಸರು ಕೇಳಿದ್ರೆ ತಗಡೂರು ರಾಮಚಂದ್ರರಾಯರು, ಖಾದಿ ನೆನಪಾಗುತ್ತೆ. ನೂಲು ತೆಗೆದ ಊರಲ್ಲಿ ಕೂತು ಥ್ರೆಡ್ ಡಂಪ್ ತೆಗೀತಾನೆ ಅಂತ ನನ್ನ ಗೆಳೆಯನೊಬ್ಬ ರೇಗಿಸ್ತಾನೆ. ವಾರದಲ್ಲಿ ಮೂರು ದಿನ ಬೆಂಗಳೂರು ಆಫೀಸು, ಉಳಿದದ್ದು ಇಲ್ಲಿಂದಲೇ. ಪೂಲ್ ಅಂದ್ರೇನು ಅಂತ ನಮ್ಮ ದೊಡ್ಡಪ್ಪನಿಗೆ ಒಂದು ಸಲ ಹೇಳೋಕೆ ಹೋದೆ. ಅವರು ಅರ್ಧಕ್ಕೇ ನಿಲ್ಲಿಸಿದ್ರು.

"ತೂಬು ಕಣ್ಲಾ ಅದು. ನೀರುಗಂಟಿ ಸರದಿ ಮೇಲೆ ಎತ್ತಬೇಕು, ಗದ್ದೆ ತುಂಬುದ್ ಮೇಲೆ ಇಳಿಸಬೇಕು. ಎತ್ತಿಬುಟ್ಟು ಮನೆಗೋಗಿ ಮಲಗುದ್ರೆ ಕೊನೇ ಗದ್ದೆಯವನು ಬಾಯಿ ಬಾಯಿ ಬಡ್ಕೊಬೇಕು."

ಕನೆಕ್ಷನ್ ಲೀಕ್ ಬಗ್ಗೆ ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಸರಿಯಾದ ವಿವರಣೆ ಇಲ್ಲ. ನಾಲೆ ಕೆಳಗೆ ಬೇಸಾಯ ಮಾಡೋರಿಗೆ ಇನ್ನೊಂದೂ ಗೊತ್ತಿರುತ್ತೆ: ನೀರುಗಂಟಿ ಬದಲಾದ ವರ್ಷ ಸರದಿ ಲೆಕ್ಕವೂ ಬದಲಾಗುತ್ತೆ. ನಾಲೆ ಅದೇ, ತೂಬು ಅದೇ, ಗದ್ದೆಯೂ ಅದೇ. ಹಳೇ ನೀರುಗಂಟಿ ಯಾವತ್ತೂ ಬರೆದಿಡದ ಎಷ್ಟೋ ಲೆಕ್ಕಗಳು ಅವನ ತಲೆಯಲ್ಲೇ ಇದ್ದವು. ಲೈಬ್ರರಿ ಬದಲಾಯಿಸುವಾಗ ಆಗೋದೂ ಅದೇ.

2023ರ ಅಕ್ಟೋಬರ್ 10ರಂದು ಗೂಗಲ್, ಕ್ಲೌಡ್‌ಫ್ಲೇರ್, ಅಮೆಜಾನ್ ಮೂವರೂ ಒಟ್ಟಿಗೆ ಒಂದು ವಿಷಯ ಹೊರಗಿಟ್ಟರು. ಎಚ್‌ಟಿಟಿಪಿ 2ರಲ್ಲಿ ಒಂದೇ ಕನೆಕ್ಷನ್ ಒಳಗೆ ಹಲವು ಮಾತುಕತೆ ಒಟ್ಟಿಗೆ ನಡೆಸಬಹುದು. ಒಂದೊಂದಕ್ಕೂ ಸ್ಟ್ರೀಮ್ ಅಂತ ಹೆಸರು. ಒಂದು ಕನೆಕ್ಷನ್‌ಗೆ ಒಮ್ಮೆಗೆ ನೂರು ಸ್ಟ್ರೀಮ್ ಅಂತ ಸರ್ವರ್‌ಗಳು ಮಿತಿ ಹಾಕಿಕೊಂಡಿರೋದು ಸಾಮಾನ್ಯ. ದಾಳಿಕೋರರು ಸ್ಟ್ರೀಮ್ ತೆರೆದ ಮರುಕ್ಷಣವೇ ರದ್ದು ಮಾಡೋರು. ರದ್ದಾದದ್ದು ಲೆಕ್ಕದಿಂದ ಹೋಯ್ತು, ಮಿತಿ ಮುಟ್ಟೋದೇ ಇಲ್ಲ. ಆದ್ರೆ ಸರ್ವರ್ ಅಷ್ಟರಲ್ಲಿ ಕೆಲಸ ಶುರು ಮಾಡಿ ಸುಸ್ತಾಗಿರುತ್ತೆ. ಗೂಗಲ್ ಕಂಡ ದಾಳಿ ಸೆಕೆಂಡಿಗೆ 39.8 ಕೋಟಿ ಕೋರಿಕೆ. ಕ್ಲೌಡ್‌ಫ್ಲೇರ್ ಕಂಡದ್ದು 20.1 ಕೋಟಿ, ಅಮೆಜಾನ್ 15.5 ಕೋಟಿ. ರ‍್ಯಾಪಿಡ್ ರೀಸೆಟ್ ಅಂತ ಹೆಸರಾಯ್ತು, ಸಿವಿಇ-2023-44487 ಅಂತ ನಂಬರ್ ಬಿತ್ತು. ಗೋ ಭಾಷೆಯವರು ಅವತ್ತೇ 1.21.3 ಬಿಟ್ಟರು. ನೆಟ್ಟಿ, ಟಾಮ್‌ಕ್ಯಾಟ್, ಜೆಟ್ಟಿ, ಒಂದಾದ ಮೇಲೊಂದು ಎಲ್ಲರೂ ಹೊಸ ಆವೃತ್ತಿ ತಂದರು.

ಆಮೇಲಿನ ವಾರ ಎಲ್ಲಾ ಕಂಪನಿಗಳಲ್ಲೂ ನಡೆದದ್ದು ಒಂದೇ ಕಥೆ. ಸೆಕ್ಯುರಿಟಿ ಟೀಮಿಂದ ಕೆಂಪು ಅಕ್ಷರದ ಮೇಲ್, ಅದರಲ್ಲಿ ಒಂದು ಕೊನೇ ದಿನಾಂಕ.

ನಾನಿರುವ ಕಂಪನಿ ಸಣ್ಣ ವ್ಯಾಪಾರಿಗಳ ದಿನದ ಕ್ಯೂಆರ್ ವಸೂಲಿಯನ್ನು ಸಂಜೆಯೇ ಅವರ ಖಾತೆಗೆ ಹಾಕುವ ಕೆಲಸ ಮಾಡುತ್ತೆ. ಹೂವು ಮಾರುವವರು, ತಳ್ಳುಗಾಡಿ ಹೋಟೆಲಿನವರು, ತರಕಾರಿಯವರು. ಅವರಿಗೆ ಬೆಳಗಿನ ಜಾವ ಮಾರ್ಕೆಟ್ಟಲ್ಲಿ ಕೈಯಲ್ಲಿ ದುಡ್ಡಿರಬೇಕು, ಮಧ್ಯಾಹ್ನ ಬಂದ್ರೆ ಉಪಯೋಗ ಇಲ್ಲ. ನಮ್ಮ ಸರ್ವಿಸ್ ಇದ್ದದ್ದು ಸ್ಪ್ರಿಂಗ್ ಬೂಟ್ 2.7ರಲ್ಲಿ. ಅದರ ಉಚಿತ ಬೆಂಬಲ ಅದೇ ನವೆಂಬರ್ ಕೊನೆಗೆ ಮುಗಿಯೋದಿತ್ತು. ಹೇಗೂ ಕೈ ಹಾಕ್ತಿದ್ದೀವಿ, ಪ್ಯಾಚೂ ಆಗಲಿ, ಬೂಟ್ 3ಕ್ಕೆ ಜಿಗಿದೂ ಬಿಡೋಣ ಅಂತ ಮೇಲಿನವರು ತೀರ್ಮಾನ ಮಾಡಿದ್ರು. ನಮ್ಮ ಟೀಮಿನ ಹಿರಿಯ ಎಂಜಿನಿಯರ್ ಒಬ್ಬರು, ನಾವೆಲ್ಲ ಅಕ್ಕ ಅಂತೀವಿ, ಆ ಮೀಟಿಂಗಲ್ಲೇ ಬೇಡ ಅಂದಿದ್ರು. "ಎರಡನ್ನ ಒಂದೇ ಗಂಟಲ್ಲಿ ಕಟ್ಟಬೇಡ್ರಪ್ಪ. ಒಂದು ವಾಪಸ್ ತಗೋಬೇಕಾದ್ರೆ ಇನ್ನೊಂದೂ ಬರುತ್ತೆ." ಸಮಯ ಇಲ್ಲ ಅನ್ನೋ ಉತ್ತರ ಬಂತು.

ಬೂಟ್ 3 ಅಂದ್ರೆ ಬರೀ ಅಂಕಿ ಬದಲಾವಣೆ ಅಲ್ಲ. ಜಾವಾ 17 ಬೇಕು, ಜಾವಾಎಕ್ಸ್ ಅಂತಿದ್ದದ್ದೆಲ್ಲ ಜಕಾರ್ತಾ ಆಗಬೇಕು, ಮತ್ತು ಹೊರಗಿನ ಸರ್ವರ್‌ಗಳ ಜೊತೆ ಮಾತಾಡುವ ಅಪಾಚೆ ಎಚ್‌ಟಿಟಿಪಿ ಕ್ಲೈಂಟ್ 4 ಹೋಗಿ 5 ಬರಬೇಕು. ಹೆಸರು ಅದೇ ಇದ್ದರೂ ಒಳಗಿನ ಮನೆ ಬೇರೆ. ಪ್ಯಾಕೇಜ್ ಹೆಸರಿಂದ ಹಿಡಿದು ಎಲ್ಲಾ ಹೊಸತು. ಕಂಪೈಲ್ ಆಗದ್ದು ಕೆಂಪಗೆ ಕಾಣುತ್ತೆ, ಸರಿ ಮಾಡ್ತೀವಿ. ಕಾಣದೆ ಇರೋದು ಡಿಫಾಲ್ಟ್‌ಗಳು.

ಇಲ್ಲಿ ಎರಡು ಅಂಕಿ ನೆನಪಿಟ್ಟುಕೊಳ್ಳಿ. ಎಚ್‌ಟಿಟಿಪಿ ಕ್ಲೈಂಟ್ 5ರ ಪೂಲ್‌ಗೆ ನಾವು ಏನೂ ಹೇಳದಿದ್ರೆ ಒಂದು ವಿಳಾಸಕ್ಕೆ 5 ಕನೆಕ್ಷನ್, ಒಟ್ಟು 25. ಖಾಲಿ ಕನೆಕ್ಷನ್ ಸಿಗದಿದ್ರೆ 3 ನಿಮಿಷ ಕಾಯುತ್ತೆ. ಹಳೇ 4ರಲ್ಲಿ ಅದು ಇನ್ನೂ ಕಡಿಮೆ, ವಿಳಾಸಕ್ಕೆ 2, ಒಟ್ಟು 20. ಆದರೆ ನಮ್ಮಲ್ಲಿ ಯಾರೋ ಪುಣ್ಯಾತ್ಮರು ಹಿಂದೆ ಅದನ್ನ 200ಕ್ಕೆ ಏರಿಸಿದ್ರು. ಆ ಸಾಲು ಇದ್ದದ್ದು ಎಲ್ಲಾ ಟೀಮುಗಳೂ ಬಳಸುವ ಒಂದು ಸಾಮಾನ್ಯ ಕೋಡಲ್ಲಿ. ಆ ಕೋಡಿನ ಹೊಸ ಆವೃತ್ತಿಯಲ್ಲಿ ಹಳೇ ಕ್ಲಾಸ್ ಹೋಯ್ತು, ಜೊತೆಗೆ ಆ ಸಾಲೂ ಹೋಯ್ತು. ಯಾರಿಗೂ ಎರರ್ ಬರಲಿಲ್ಲ. ಟೆಸ್ಟ್‌ಗಳೆಲ್ಲಾ ಹಸಿರು. ಟೆಸ್ಟಲ್ಲಿ ಒಬ್ಬರಾದ ಮೇಲೆ ಒಬ್ಬರು ಬರ್ತಾರೆ, ಐದು ಲೈನ್ ಧಾರಾಳ ಸಾಕು.

ದೀಪಾವಳಿಗೆ ಮುಂಚಿನ ಶುಕ್ರವಾರ ಸಂಜೆ ಏಳೂವರೆಗೆ ನನ್ನ ಫೋನ್ ಕಿರುಚಿತು. ಆ ವಾರ ಆನ್‌ಕಾಲ್ ನಂದೇ. ಹೂವು, ಹಣತೆ, ಸಿಹಿ, ಪಟಾಕಿ ಅಂತ ವರ್ಷದಲ್ಲೇ ಜೋರು ವ್ಯಾಪಾರದ ಸಂಜೆ. ಹಣ ಕಳಿಸುವ ಸರದಿಯಲ್ಲಿ ಸಾವಿರಾರು ಕೋರಿಕೆ ನಿಂತುಬಿಟ್ಟಿದ್ದವು. ಸಿಪಿಯು ನೋಡಿದ್ರೆ ತಣ್ಣಗಿದೆ. ಮೆಮೊರಿ ಆರಾಮಾಗಿದೆ. ಡೇಟಾಬೇಸ್ ಸುಮ್ಮನಿದೆ. ಎಲ್ಲರೂ ಆರೋಗ್ಯವಾಗಿದ್ದಾರೆ, ಆದ್ರೆ ಕೆಲಸ ಮಾತ್ರ ನಡೀತಿಲ್ಲ. ಇಂಥ ಚಿತ್ರ ಕಂಡರೆ ಯಾರೋ ಯಾವುದಕ್ಕೋ ಕಾಯ್ತಿದ್ದಾರೆ ಅಂತಲೇ ಅರ್ಥ.

ಥ್ರೆಡ್ ಡಂಪ್ ತೆಗೆದೆ. ಟಾಮ್‌ಕ್ಯಾಟ್‌ನಲ್ಲಿ ಹೇಳದಿದ್ರೆ 200 ಥ್ರೆಡ್ ಇರುತ್ತೆ. ಹೆಚ್ಚುಕಡಿಮೆ ಎಲ್ಲವೂ ಒಂದೇ ಸಾಲಲ್ಲಿ ನಿಂತಿದ್ದವು: ಪೂಲಿಂದ ಕನೆಕ್ಷನ್ ಕೊಡಿ.

ಲೆಕ್ಕ ಕೈಯಲ್ಲೇ ಮಾಡಬಹುದು. ನಾವು ಮಾತಾಡೋದು ಒಂದೇ ಬ್ಯಾಂಕಿನ ಗೇಟ್‌ವೇ ಜೊತೆ, ಅಂದ್ರೆ ಒಂದೇ ವಿಳಾಸ, ಅಂದ್ರೆ 5 ಲೈನ್. ಮಾಮೂಲಿ ದಿನ ಒಂದು ಕೋರಿಕೆಗೆ 0.4 ಸೆಕೆಂಡ್. 5ನ್ನ 0.4ರಿಂದ ಭಾಗಿಸಿ, ಸೆಕೆಂಡಿಗೆ 12.5 ಕೋರಿಕೆ. ನಮ್ಮ ಒಂದೊಂದು ಇನ್‌ಸ್ಟನ್ಸ್‌ಗೆ ಬರೋದು ಸೆಕೆಂಡಿಗೆ ಎಂಟು. ನಡೆಯುತ್ತೆ. ಹಬ್ಬದ ಸಂಜೆ ಬ್ಯಾಂಕ್ ಕಡೆಯೂ ಒತ್ತಡ, ಉತ್ತರಕ್ಕೆ 2 ಸೆಕೆಂಡ್ ಹಿಡೀತಿತ್ತು. ಈಗ 5ನ್ನ 2ರಿಂದ ಭಾಗಿಸಿ, ಎರಡೂವರೆ. ಬರೋದು ಎಂಟು, ಹೋಗೋದು ಎರಡೂವರೆ; ಸೆಕೆಂಡಿಗೆ ಐದೂವರೆ ಬಾಕಿ ಉಳೀತು. 200 ಥ್ರೆಡ್ ತುಂಬೋಕೆ ಒಂದು ನಿಮಿಷವೂ ಬೇಡ. ಥ್ರೆಡ್ ಎಲ್ಲಾ ಸಿಕ್ಕಿಹಾಕಿಕೊಂಡ ಮೇಲೆ "ಬದುಕಿದ್ದೀಯಾ?" ಅಂತ ಕುಬರ್ನೆಟಿಸ್ ಕೇಳೋ ಪ್ರಶ್ನೆಗೂ ಉತ್ತರ ಕೊಡೋರಿಲ್ಲ. ಸತ್ತಿದೆ ಅಂದುಕೊಂಡು ಅದು ರೀಸ್ಟಾರ್ಟ್ ಮಾಡುತ್ತೆ. ಈ ಕಡೆ ಆಪ್ 30 ಸೆಕೆಂಡಿಗೆ ಕೈಬಿಟ್ಟು ಮತ್ತೆ ಕಳಿಸುತ್ತೆ. ಅಲ್ಲಿಗೆ ಎಂಟು ಹದಿನಾರಾಯ್ತು.

ಹಣ ಎರಡೆರಡು ಸಲ ಹೋಗಲಿಲ್ಲವಾ ಅಂತ ಕೇಳ್ತೀರಿ. ಹೋಗಲಿಲ್ಲ. ಪ್ರತಿ ಪಾವತಿಗೂ ನಮ್ಮದೊಂದು ವಿಶಿಷ್ಟ ಸಂಖ್ಯೆ ಇರುತ್ತೆ, ಅದೇ ಸಂಖ್ಯೆ ಎರಡನೇ ಸಲ ಬಂದ್ರೆ ಬ್ಯಾಂಕ್ ತಿರಸ್ಕರಿಸುತ್ತೆ. ಅದೊಂದು ಇರದಿದ್ರೆ ಆ ರಾತ್ರಿಯ ಕಥೆ ಬೇರೆ ಅಂಕಣದಲ್ಲಿ, ಬಹುಶಃ ಬೇರೆ ಪುಟದಲ್ಲಿ ಬರ್ತಿತ್ತು.

ಇಷ್ಟರಲ್ಲಿ ಎಂಟೂವರೆಗೆ ಊರಲ್ಲಿ ಕರೆಂಟ್ ಹೋಯ್ತು. ರೂಟರ್ ಆಫ್. ಲ್ಯಾಪ್‌ಟಾಪನ್ನ ಫೋನಿನ ಹಾಟ್‌ಸ್ಪಾಟಿಗೆ ಹಾಕಿ, ಸರ್ವರ್‌ಗೆ ಹೊಸದಾಗಿ ಲಾಗಿನ್ ಆದೆ. ಅಲ್ಲಿ ನೋಡಿದ್ರೆ ನನ್ನ ಹಳೇ ಲಾಗಿನ್ ಇನ್ನೂ ಜೀವಂತವಾಗಿದೆ ಅಂತ ತೋರಿಸ್ತಿದೆ. ಇದು ಸಣ್ಣ ವಿಷಯ ಅನ್ನಿಸಿದ್ರೂ ಇಲ್ಲಿ ಸ್ವಲ್ಪ ನಿಲ್ಲಬೇಕು. ಕರೆಂಟ್ ಹೋದಾಗ ನನ್ನ ಲ್ಯಾಪ್‌ಟಾಪ್ "ಹೋಗಿ ಬರ್ತೀನಿ" ಅಂತ ಹೇಳೋಕೆ ಆಗಲಿಲ್ಲ. ಹೇಳದೆ ಹೋದವನು ಇದ್ದಾನೆ ಅಂತಲೇ ಆ ಕಡೆಯವರು ನಂಬಿಕೊಂಡಿರ್ತಾರೆ. ಲಿನಕ್ಸ್‌ನಲ್ಲಿ ಟಿಸಿಪಿ ಕೀಪ್-ಅಲೈವ್ ಅಂತ ಒಂದಿದೆ, ಸುಮ್ಮನಿರುವ ಕನೆಕ್ಷನ್‌ನ ತಟ್ಟಿ ನೋಡೋದು. ಆದ್ರೆ ಡಿಫಾಲ್ಟಾಗಿ ಮೊದಲ ಸಲ ತಟ್ಟೋದು 7,200 ಸೆಕೆಂಡ್ ಆದ ಮೇಲೆ. ಎರಡು ಗಂಟೆ! ಆಮೇಲೆ 75 ಸೆಕೆಂಡಿಗೊಂದರಂತೆ ಒಂಬತ್ತು ಸಲ. ಅದೂ ಪ್ರೋಗ್ರಾಮ್ ಬರೆದವರು ಆ ಸೌಲಭ್ಯ ಆನ್ ಮಾಡಿದ್ರೆ ಮಾತ್ರ. ಅಲ್ಲಿವರೆಗೆ ಅರ್ಧ ಸತ್ತ ಲೈನ್ ಲೆಕ್ಕದಲ್ಲಿ ಇದ್ದೇ ಇರುತ್ತೆ. ಬೆಂಗಳೂರಿನ ಟೆಕ್ ಪಾರ್ಕಲ್ಲಿ, ಜನರೇಟರ್ ನೆರಳಲ್ಲಿ ಕೂತು ಟೆಸ್ಟ್ ಮಾಡೋರಿಗೆ ಈ ಸ್ಥಿತಿ ಕಾಣೋದೇ ಕಷ್ಟ. ನಮ್ಮೂರಲ್ಲಿ ದಿನಕ್ಕೆರಡು ಸಲ ತಾನಾಗೇ ಸಿಗುತ್ತೆ.

ವಾಪಸ್ ಕಾಲಿಗೆ ಬಂದ್ರೆ ಅಲ್ಲಿ ಬೇರೆ ಜಗಳ. "ಹಳೇ ಬಿಲ್ಡ್‌ಗೆ ಹೋಗಿಬಿಡೋಣ" ಅಂತ ಮ್ಯಾನೇಜರ್. ಮಾಮೂಲಿ ದಿನ ಆಗಿದ್ರೆ ಅದೇ ಸರಿ. ಮೊದಲು ವಾಪಸ್ ಹೋಗಿ, ಆಮೇಲೆ ಯೋಚಿಸು. ಆದ್ರೆ ಹಳೇ ಬಿಲ್ಡಲ್ಲಿ ರ‍್ಯಾಪಿಡ್ ರೀಸೆಟ್ ಪ್ಯಾಚ್ ಇಲ್ಲ. ಒಂದು ತಿಂಗಳ ಹಿಂದಷ್ಟೇ ಇಡೀ ಜಗತ್ತಿಗೆ ಗೊತ್ತಾದ ತೂತು, ಹಬ್ಬದ ಸಂಜೆ, ಹಣದ ಸರ್ವಿಸ್. ಸೆಕ್ಯುರಿಟಿಯವರು ಸುತಾರಾಂ ಒಪ್ಪಲಿಲ್ಲ. ಅಕ್ಕ ಹೇಳಿದ್ದು ಇದನ್ನೇ. ಅವರು ಆ ಕಾಲಲ್ಲಿದ್ರು, "ನಾನು ಅವತ್ತೇ ಹೇಳಿದ್ದೆ" ಅಂತ ಒಂದು ಮಾತೂ ಆಡಲಿಲ್ಲ. ಬದಲಿಗೆ, ಬೇಕೇ ಬೇಕಾದ್ರೆ ಎಚ್‌ಟಿಟಿಪಿ 2ನ್ನೇ ಆಫ್ ಮಾಡಿ ಹಳೇದಕ್ಕೆ ಹೋಗಬಹುದು, ಅದು ಕೈಯಲ್ಲಿರಲಿ ಅಂದ್ರು. ಹಿರಿತನ ಅಂದ್ರೆ ಇದೇ ಅಂತ ನನ್ನ ಅಭಿಪ್ರಾಯ. ಈ ಚರ್ಚೆಗೇ ನಲವತ್ತು ನಿಮಿಷ ಹೋಯ್ತು. ಅಷ್ಟು ಹೊತ್ತೂ ಅಲ್ಲಿ ಹೂವಿನವರ ದುಡ್ಡು ನಿಂತೇ ಇತ್ತು.

ಮುಂದಕ್ಕೇ ಹೋಗೋದು ಅಂತಾಯ್ತು. ಟೀಮಿಗೆ ಹೊಸದಾಗಿ ಸೇರಿದ ಹುಡುಗ "ಸರ್, ಸಾವಿರಕ್ಕೆ ಇಟ್ಟುಬಿಡೋಣ, ತಲೆನೋವೇ ಬೇಡ" ಅಂದ. ತಲೆನೋವು ಬ್ಯಾಂಕಿಗೆ ಹೋಗುತ್ತೆ ಅಷ್ಟೇ. ಅವರ ಜೊತೆಗಿನ ಒಪ್ಪಂದದಲ್ಲಿ ನಮ್ಮ ಕಡೆಯಿಂದ ಒಟ್ಟು 100 ಕನೆಕ್ಷನ್ ಮಾತ್ರ ಅಂತಿದೆ. ನಮ್ಮವು ನಾಲ್ಕು ಇನ್‌ಸ್ಟನ್ಸ್. ಹಳೇ 200 ಕೂಡ ತಪ್ಪೇ. ಅಷ್ಟು ಯಾವತ್ತೂ ಬಳಕೆಗೆ ಬರಲಿಲ್ಲ ಅಂತ ಗೊತ್ತಾಗಿರಲಿಲ್ಲ ಅಷ್ಟೇ. ಸೆಕೆಂಡಿಗೆ 8 ಕೋರಿಕೆ, ಒಂದೊಂದಕ್ಕೆ 2 ಸೆಕೆಂಡ್, ಅಂದ್ರೆ ಏಕಕಾಲಕ್ಕೆ 16 ಲೈನ್ ಬೇಕು. ಸ್ವಲ್ಪ ಸಡಿಲ ಬಿಟ್ಟು 20 ಮಾಡಿದ್ವಿ. ನಾಲ್ಕಕ್ಕೆ 80, ನೂರರ ಒಳಗೇ ಇದೆ. ಕಾಯುವ ಅವಧಿಯನ್ನ 3 ನಿಮಿಷದಿಂದ 2 ಸೆಕೆಂಡಿಗೆ ಇಳಿಸಿದ್ವಿ. ಸಿಗದಿದ್ರೆ ಸಿಗಲಿಲ್ಲ ಅಂತ ಬೇಗ ಹೇಳಲಿ, ಕೋರಿಕೆ ಸರದಿಗೆ ವಾಪಸ್ ಹೋಗಲಿ. ಬಳಕೆದಾರನ ಫೋನು 30 ಸೆಕೆಂಡಿಗೆ ಕೈಬಿಡುವಾಗ ಒಳಗೆ ನಾವು 3 ನಿಮಿಷ ಕಾಯೋದರಲ್ಲಿ ಅರ್ಥವೇ ಇಲ್ಲ. ಹೊರಟುಹೋದ ನೆಂಟರಿಗೆ ಎಲೆ ಹಾಕಿದ ಹಾಗೆ.

ಒಂಬತ್ತೂವರೆಗೆ ಸರದಿ ಕರಗೋಕೆ ಶುರುವಾಯ್ತು. ಎಲ್ಲರೂ ಊಟಕ್ಕೆ ಎದ್ದರು.

ಹನ್ನೊಂದರ ಸುಮಾರಿಗೆ ಒಂದು ಇನ್‌ಸ್ಟನ್ಸ್ ಮತ್ತೆ ನಿಧಾನ ಆಯ್ತು. ಇದೇ ನನಗೆ ಈ ಕಥೆಯಲ್ಲಿ ಮುಖ್ಯವಾದ ಭಾಗ. ಲಿನಕ್ಸಲ್ಲಿ ಎಸ್‌ಎಸ್ ಅಂತ ಎರಡೇ ಅಕ್ಷರದ ಕಮ್ಯಾಂಡ್ ಇದೆ, ತೆರೆದಿರುವ ಕನೆಕ್ಷನ್‌ಗಳನ್ನೆಲ್ಲಾ ಸ್ಥಿತಿ ಸಮೇತ ತೋರಿಸುತ್ತೆ. ಟೈಮ್-ವೇಟ್ ಅಂತ ನೂರಾರು ಕಂಡರೆ ಹೆದರಬೇಡಿ. ಮುಗಿದ ಕನೆಕ್ಷನ್‌ಗಳು 60 ಸೆಕೆಂಡ್ ಸೂತಕ ಕಳೆದು ತಾವೇ ಹೋಗ್ತವೆ. ಹೆದರಬೇಕಾದ್ದು ಕ್ಲೋಸ್-ವೇಟ್‌ಗೆ. ಅಂದ್ರೆ ಆ ಕಡೆಯವರು ಮಾತು ಮುಗಿಸಿ ಲೈನ್ ಇಟ್ಟಿದ್ದಾರೆ, ಈ ಕಡೆ ನಮ್ಮ ಪ್ರೋಗ್ರಾಮ್ ಮಾತ್ರ ರಿಸೀವರ್ ಹಿಡಿದುಕೊಂಡೇ ಕೂತಿದೆ. ಇದಕ್ಕೆ ಕಾಲಮಿತಿ ಇಲ್ಲ. ಪ್ರೋಗ್ರಾಮ್ ಮುಚ್ಚೋವರೆಗೂ ಹಾಗೇ ಇರುತ್ತೆ. ಆ ಇನ್‌ಸ್ಟನ್ಸಲ್ಲಿ ಬ್ಯಾಂಕ್ ವಿಳಾಸಕ್ಕೆ ಹನ್ನೊಂದು ಕ್ಲೋಸ್-ವೇಟ್ ಇದ್ದವು. 20ರಲ್ಲಿ 11 ತೂಬು ಎತ್ತಿದ್ದು ಎತ್ತಿದ ಹಾಗೇ.

ಕೋಡಲ್ಲಿ ಹುಡುಕಿದ್ರೆ, ಬ್ಯಾಂಕ್ ಒಂದು ನಿರ್ದಿಷ್ಟ ಎರರ್ ಕೊಟ್ಟಾಗ ಹೋಗುವ ದಾರಿಯಲ್ಲಿ ಉತ್ತರವನ್ನ ಪೂರ್ತಿ ಓದದೆ, ಮುಚ್ಚದೆ ಹೊರಗೆ ಬರ್ತಿತ್ತು. ಉತ್ತರ ಮುಚ್ಚದಿದ್ರೆ ಕನೆಕ್ಷನ್ ಪೂಲಿಗೆ ವಾಪಸ್ ಬರಲ್ಲ. ಆ ಸಾಲುಗಳು ನಾನು ಕಂಪನಿ ಸೇರೋಕೆ ಮುಂಚಿನವು, ನಾಲ್ಕು ವರ್ಷ ಹಳೆಯವು. ನಾಲ್ಕು ವರ್ಷ ಯಾಕೆ ಗೊತ್ತಾಗಲಿಲ್ಲ? ಪೂಲ್ 200 ಇತ್ತು. ದಿನಕ್ಕೆ ಹತ್ತಿಪ್ಪತ್ತು ಸೋರಿದ್ರೂ ಖಾಲಿ ಆಗೋಕೆ ವಾರ ಬೇಕು. ಪ್ರತಿ ಗುರುವಾರ ನಮ್ಮ ರಿಲೀಸ್, ರೀಸ್ಟಾರ್ಟ್, ಪೂಲ್ ಹೊಸದು. ಸೋರಿಕೆ ಯಾವತ್ತೂ ಇತ್ತು, ಗುರುವಾರ ಅದನ್ನ ಮುಚ್ಚಿಡ್ತಿತ್ತು. ಹೊಸ ಲೈಬ್ರರಿ ತೊಂದರೆ ತರಲಿಲ್ಲ, ಇದ್ದದ್ದನ್ನ ತೋರಿಸಿತು. ಇನ್ನೊಂದು ವಿಷಯ: ಹೊಸ ಎಚ್‌ಟಿಟಿಪಿ ಕ್ಲೈಂಟ್ ಬರೆದವರು ಹಾಗೆ ಉತ್ತರವನ್ನ ನೇರ ಕೈಗೆ ಕೊಡುವ ಹಳೇ ವಿಧಾನ ಬಳಸಬೇಡಿ ಅಂತ 5.2ರಿಂದಲೇ ಗುರುತು ಹಾಕಿದ್ದಾರೆ. ಹ್ಯಾಂಡ್ಲರ್ ಕೊಡಿ, ಮುಚ್ಚುವ ಕೆಲಸ ನಾವು ನೋಡ್ಕೋತೀವಿ ಅಂತಾರೆ. ನಮ್ಮ ಬಿಲ್ಡ್ ಲಾಗಲ್ಲಿ ಆ ಎಚ್ಚರಿಕೆ ಹಳದಿ ಬಣ್ಣದಲ್ಲಿ ಬಂದೂ ಇತ್ತು, ಇನ್ನೂರು ಹಳದಿ ಸಾಲುಗಳ ಮಧ್ಯೆ.

ಕೆಲವು ಟೀಮುಗಳಲ್ಲಿ ಇದಕ್ಕೆ ಇನ್ನೊಂದು ಔಷಧಿ ಇದೆ, ರಾತ್ರಿ ಮೂರು ಗಂಟೆಗೆ ತಾನಾಗೇ ರೀಸ್ಟಾರ್ಟ್ ಆಗುವ ಕ್ರಾನ್ ಜಾಬ್. ನನಗೆ ಅದು ಕಂಡರೆ ಆಗಲ್ಲ. ನೋವಿನ ಮಾತ್ರೆ ನುಂಗಿಕೊಂಡೇ ಹುಳುಕು ಹಲ್ಲು ಇಟ್ಟುಕೊಂಡ ಹಾಗೆ, ಹಬ್ಬದ ದಿನವೇ ಕೈಕೊಡುತ್ತೆ.

ಜಾವಾ ಅಲ್ಲದವರು ಇದು ನಮಗೆ ಸಂಬಂಧ ಇಲ್ಲ ಅಂತ ಪುಟ ಸರಿಸಬೇಡಿ. 2022ರ ಅಕ್ಟೋಬರಿನಲ್ಲಿ ಬಂದ ನೋಡ್ 19ರಲ್ಲಿ, ಹೊರಗೆ ಹೋಗುವ ಎಚ್‌ಟಿಟಿಪಿ ಕನೆಕ್ಷನ್‌ಗಳನ್ನ ತೆರೆದಿಟ್ಟುಕೊಳ್ಳೋದು ಡಿಫಾಲ್ಟ್ ಆಯ್ತು. ಅಲ್ಲಿವರೆಗೆ ಪ್ರತಿ ಸಲ ಮುಚ್ಚೋದೇ ರೂಢಿ. ಒಳ್ಳೇ ಬದಲಾವಣೆಯೇ, ವೇಗ ಜಾಸ್ತಿ. ಆದ್ರೆ 18ರಿಂದ ನೇರ 20ಕ್ಕೆ ಹಾರಿದವರ ಕೋಡಲ್ಲಿ ಒಂದಕ್ಷರವೂ ಬದಲಾಗದೆ ನಡವಳಿಕೆ ಬದಲಾಯ್ತು. ಎದುರಿನ ಸರ್ವರ್ ಐದು ಸೆಕೆಂಡ್ ಸುಮ್ಮನಿದ್ರೆ ಲೈನ್ ಮುಚ್ಚುತ್ತೆ ಅಂತಿಟ್ಕೊಳ್ಳಿ. ಅದು ಮುಚ್ಚುವ ಕ್ಷಣಕ್ಕೇ ಈ ಕಡೆಯಿಂದ ಕೋರಿಕೆ ಹೊರಟರೆ "ಕನೆಕ್ಷನ್ ರೀಸೆಟ್". ಸಾವಿರಕ್ಕೊಂದು ಬರುತ್ತೆ, ಬೇಕೆಂದಾಗ ಬರಲ್ಲ. ಮಧ್ಯದಲ್ಲಿ ಲೋಡ್ ಬ್ಯಾಲೆನ್ಸರ್ ಇದ್ರೆ ಅದರದ್ದೇ ಬೇರೆ ಗಡಿಯಾರ. ಅಮೆಜಾನ್‌ನ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್ ಡಿಫಾಲ್ಟಾಗಿ 60 ಸೆಕೆಂಡ್ ಅನ್ನುತ್ತೆ. ಅದರ ಹಿಂದಿರುವ ನಿಮ್ಮ ಸರ್ವರ್ ಅದಕ್ಕಿಂತ ಜಾಸ್ತಿ ಹೊತ್ತು ಲೈನ್ ಹಿಡಿದಿರಬೇಕು. ಇದು ತಿರುಗುಮುರುಗಾದಾಗ ಬರುವ ದೂರನ್ನ "ಆಗಾಗ 502 ಬರುತ್ತೆ, ಯಾಕೋ ಗೊತ್ತಿಲ್ಲ" ಅಂತ ಮುಚ್ಚಿದ ಟಿಕೆಟ್‌ಗಳು ಪ್ರತಿ ಕಂಪನಿಯಲ್ಲೂ ಇವೆ.

ಇನ್ನು ಅಪ್‌ಗ್ರೇಡೇ ಬರದಿದ್ರೆ? ಅದೂ ಆಗುತ್ತೆ. ನೋಡ್ ಲೋಕದಲ್ಲಿ ಎಲ್ಲರೂ ಬಳಸ್ತಿದ್ದ ರಿಕ್ವೆಸ್ಟ್ ಅನ್ನೋ ಲೈಬ್ರರಿಯನ್ನ ಅದರ ನಿರ್ವಾಹಕರು 2020ರ ಫೆಬ್ರವರಿಯಲ್ಲಿ ಅಧಿಕೃತವಾಗಿ ನಿಲ್ಲಿಸಿದ್ರು. ಬೆಂಗಳೂರಲ್ಲಿ ಹುಟ್ಟಿದ ಪೋಸ್ಟ್‌ಮ್ಯಾನ್, ನಮ್ಮಲ್ಲಿ ಎಪಿಐ ಮುಟ್ಟೋರೆಲ್ಲ ತೆರೆಯುವ ಆಪ್, ಅದರಿಂದ ತಮ್ಮದೇ ಒಂದು ಕವಲು ಮಾಡಿಕೊಂಡು ಪೋಸ್ಟ್‌ಮ್ಯಾನ್-ರಿಕ್ವೆಸ್ಟ್ ಅಂತ ಹೆಸರಿಟ್ಟು ತಾವೇ ನೋಡಿಕೊಳ್ತಿದ್ದಾರೆ. ಕೋರಿಕೆ ಕಳಿಸೋದೇ ಕಸುಬಾದವರಿಗೆ ಅದು ಸರಿ. ನಮ್ಮಂಥ ಎಂಟು ಜನರ ಟೀಮು ಆ ಸಾಹಸ ಮಾಡಬಾರದು. ನಾವು ಮಾಡಬಹುದಾದ್ದು, ಇಂಥ ಲೈಬ್ರರಿ ನೋಡಿಕೊಳ್ಳುವವರಿಗೆ ನಮ್ಮ ಕಂಪನಿಗಳಿಂದ ಒಂದಿಷ್ಟು ದುಡ್ಡು ಕೊಡಿಸೋದು. ಬೆಂಗಳೂರಿನದೇ ಝೆರೋಧಾ 2024ರ ಅಕ್ಟೋಬರಿನಲ್ಲಿ ಫ್ಲಾಸ್ ಫಂಡ್ ಘೋಷಿಸಿ, ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ತೆಗೆದಿಡ್ತೀವಿ ಅಂದಿತು. ಉಳಿದವರು ಅಪ್‌ಗ್ರೇಡ್ ಬಂದಾಗ ಬೈಯೋದರಲ್ಲೇ ಇದ್ದೀವಿ.

ಆ ದೀಪಾವಳಿ ಆದ ಮೇಲೆ ನಮ್ಮಲ್ಲಿ ಎರಡು ರೂಢಿ ಬಂದವು. ನೆಟ್‌ವರ್ಕ್ ಮುಟ್ಟುವ ಯಾವ ಲೈಬ್ರರಿ ಬದಲಾಯಿಸಿದ್ರೂ, ಬದಲಾಯಿಸುವ ಮುಂಚೆ ಒಂದು ವಾರ ತೆರೆದ ಕನೆಕ್ಷನ್ ಎಷ್ಟು, ಕಾಯುತ್ತಿರೋರು ಎಷ್ಟು, ಕ್ಲೋಸ್-ವೇಟ್ ಎಷ್ಟು ಅಂತ ಗ್ರಾಫ್ ಇರಬೇಕು. ಬದಲಾಯಿಸಿದ ಮೇಲೆ ಅದೇ ಗ್ರಾಫ್ ಪಕ್ಕ ಪಕ್ಕ ಇಟ್ಟು ನೋಡಬೇಕು. ಡಿಫಾಲ್ಟ್ ಸರಿಯಾಗಿದ್ರೂ ಸರಿ, ಅಂಕಿಗಳನ್ನ ನಾವೇ ನಮ್ಮ ಕೋಡಲ್ಲಿ ಬರೆಯಬೇಕು, ಯಾಕೆ ಅಷ್ಟು ಅಂತ ಪಕ್ಕದಲ್ಲಿ ಒಂದು ಸಾಲು. 20ರ ಪಕ್ಕದಲ್ಲಿ "8 × 2 ಸೆಕೆಂಡ್, ಬ್ಯಾಂಕ್ ಮಿತಿ 100" ಅಂತ ಈಗಲೂ ಇದೆ. ಪ್ಯಾಚ್ ಮತ್ತು ದೊಡ್ಡ ಜಿಗಿತ ಒಂದೇ ರಿಲೀಸಲ್ಲಿ ಬೇಡ ಅನ್ನೋದನ್ನ ಮಾತ್ರ ಇನ್ನೂ ಪ್ರತಿ ಸಲ ವಾದ ಮಾಡಿಯೇ ಗೆಲ್ಲಬೇಕು. ಹೋದ ಸಲ ಸೋತ್ವಿ.

ಈ ತಿಂಗಳು ಡೇಟಾಬೇಸ್ ಡ್ರೈವರ್ ಸರದಿ. ಅಲ್ಲಿ ಪೂಲ್ ನೋಡಿಕೊಳ್ಳೋದು ಹಿಕಾರಿ, ಡಿಫಾಲ್ಟ್ 10 ಕನೆಕ್ಷನ್. ಅದರಲ್ಲಿ ಲೀಕ್ ಪತ್ತೆ ಮಾಡುವ ಸೌಲಭ್ಯ ಇದೆ, ಆದ್ರೆ ಡಿಫಾಲ್ಟಾಗಿ ಆಫ್ ಇರುತ್ತೆ. ಡ್ರೈವರ್ ಮುಟ್ಟೋಕೆ ಮುಂಚೆ ಅದನ್ನ 10 ಸೆಕೆಂಡಿಗೆ ಆನ್ ಮಾಡಿಟ್ಟೆ. ಸೋಮವಾರ ಬೆಳಗ್ಗೆ ಲಾಗಲ್ಲಿ ಒಂದು ಎಚ್ಚರಿಕೆ ಬಿದ್ದಿತ್ತು, ತಿಂಗಳ ವರದಿ ತಯಾರಿಸುವ ಜಾಬಿನದು. ಬರೆದವರು ಕಂಪನಿ ಬಿಟ್ಟು ಹೋಗಿದ್ದಾರೆ. ಹೊಸ ಹುಡುಗನೂ ನಾನೂ ಆ ಕೋಡ್ ಓದ್ತಾ ಇದ್ದೀವಿ. ತೆರೆಯೋ ಸಾಲು ಸಿಕ್ಕಿದೆ, ಮುಚ್ಚೋದು ಇನ್ನೂ ಸಿಕ್ಕಿಲ್ಲ.